ಮೂವತ್ತು ದಿನದಿಂದ ಹದಿನೈದು ನಿಮಿಷಕ್ಕೆ

ಪಂಚಾಂಗ ಯುಗಾದಿಗೆ ಹೋಗುತ್ತಿತ್ತು, ಶಾಲೆಯ ಗೈಡು ಜೂನಿನಲ್ಲಿ. ಹುಬ್ಬಳ್ಳಿಯ ನಮ್ಮ ಪುಸ್ತಕದಂಗಡಿಯಲ್ಲಿ ಹನ್ನೆರಡು ತಿಂಗಳೂ ಖರ್ಚಾಗುತ್ತಿದ್ದ ಸರಕೆಂದರೆ 'ಮೂವತ್ತು ದಿನಗಳಲ್ಲಿ' ಪುಸ್ತಕಗಳು. ಮೂವತ್ತು ದಿನದಲ್ಲಿ ತಮಿಳು, ತೆಲುಗು, ಹಿಂದಿ, ಮಲಯಾಳ. ಮದ್ರಾಸಿನ ಬಾಲಾಜಿ ಪಬ್ಲಿಕೇಷನ್ಸ್‌ನವರ ರಾಷ್ಟ್ರೀಯ ಭಾವೈಕ್ಯದ ಮಾಲೆ ಇವುಗಳಲ್ಲಿ ಹೆಸರುವಾಸಿ. ಬೇರೆ ಪ್ರಕಾಶಕರೂ ಅದೇ ಜಾಡು ಹಿಡಿದಿದ್ದರು. ತಂದೆಯವರು ಇವನ್ನು ಗಲ್ಲೆಯ ಪಕ್ಕದಲ್ಲೇ ತೂಗುಹಾಕುತ್ತಿದ್ದರು. ರೈಲು ಹಿಡಿಯುವವನಿಗೆ ಒಳಗೆ ಬಂದು ಕಪಾಟು ಹುಡುಕುವ ಪುರಸೊತ್ತು ಎಲ್ಲಿರುತ್ತದೆ?

ನಮ್ಮ ಗಿರಾಕಿಗಳಲ್ಲಿ ರೈಲ್ವೆ ನೌಕರರೇ ಹೆಚ್ಚು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ವಲಯ ಹುಟ್ಟಿದಾಗ ಹುಬ್ಬಳ್ಳಿ ವಿಭಾಗ ಸಿಕಂದರಾಬಾದಿನ ಕೈಕೆಳಗೆ ಹೋಯಿತು. 2003ರಲ್ಲಿ ನೈರುತ್ಯ ರೈಲ್ವೆಯಾಗಿ ವಲಯ ಕಚೇರಿ ನಮ್ಮೂರಿಗೇ ಬರುವ ತನಕ ವರ್ಗಾವಣೆ, ತರಬೇತಿ, ಬಡ್ತಿಯ ಅರ್ಜಿ ಎಲ್ಲಕ್ಕೂ ಅಲ್ಲಿಗೇ ಓಡಬೇಕು. ಹಾಗಾಗಿ ತೆಲುಗು ಪುಸ್ತಕದ ದಾಸ್ತಾನು ನಮ್ಮಲ್ಲಿ ಸದಾ ಇರುತ್ತಿತ್ತು. ಮಿಕ್ಕವರು ಮುಂಬಯಿ, ಗೋವಾ ಕಡೆ ಕೆಲಸಕ್ಕೆ ಹೊರಟವರು, ಲಾರಿ ಚಾಲಕರು, ಮಿಲಿಟರಿಗೆ ಆಯ್ಕೆಯಾದ ಹುಡುಗರು.

ಹಳೆ ಪುಸ್ತಕ ತಂದರೆ ಅರ್ಧ ಬೆಲೆ ಕೊಡುವ ರೂಢಿ ನಮ್ಮಲ್ಲಿತ್ತು. ಹಾಗೆ ಮರಳಿ ಬಂದ ಭಾಷಾ ಪುಸ್ತಕಗಳನ್ನು ನಾನು ತಿರುವಿ ನೋಡುತ್ತಿದ್ದೆ. ಅಕ್ಷರಮಾಲೆಯ ಪುಟಗಳ ಅಂಚು ಬೆರಳಿನ ಎಣ್ಣೆ ಹಿಡಿದು ಕಪ್ಪಾಗಿರುತ್ತಿತ್ತು. ಅವಯವಗಳು, ಬಂಧುಬಳಗ, ತರಕಾರಿ ಇವುಗಳ ಹೆಸರಿನ ತನಕ ಪೆನ್ಸಿಲ್ ಗೆರೆ. ಕ್ರಿಯಾಪದದ ಭೂತ, ಭವಿಷ್ಯತ್ತು ಶುರುವಾದ ಪುಟದಿಂದಾಚೆಗೆ ಹಾಳೆ ಹೊಚ್ಚ ಹೊಸದು, ಒಮ್ಮೊಮ್ಮೆ ಅಂಚು ಕತ್ತರಿಸದೆ ಅಂಟಿಕೊಂಡ ಹಾಳೆಗಳು ಹಾಗೇ ಇರುತ್ತಿದ್ದವು. ತಂದೆಯವರು ಆ ಪುಸ್ತಕವನ್ನು ಒರೆಸಿ ಮತ್ತೆ ತೂಗುಹಾಕುತ್ತಿದ್ದರು. "ಮೂವತ್ತು ದಿನ ಅನ್ನೂದು ಪುಸ್ತಕದ ಹೆಸರಪಾ, ಕರಾರಲ್ಲ" ಎನ್ನುತ್ತಿದ್ದರು.

ಈಗ ಅಂಗಡಿ ಮಗನ ಕೈಯಲ್ಲಿದೆ, ಅಲ್ಲಿ ಮೊಬೈಲ್ ಕವರ್ ಮಾರುತ್ತಾನೆ. ಆದರೂ ಓಣಿಯ ಹುಡುಗರಿಗೆ ನಾನಿನ್ನೂ ಭಾಷೆಯ ಪುಸ್ತಕದವನೇ. ಯಾವ ಆ್ಯಪ್ ಹಾಕಿಕೊಳ್ಳಲಿ, ದುಡ್ಡು ಕಟ್ಟಲೋ ಬೇಡವೋ ಎಂದು ಕೇಳಿಕೊಂಡು ಬರುತ್ತಾರೆ. ನನ್ನ ಉತ್ತರ ಯಾವಾಗಲೂ ಹಿಂದಿನಿಂದ ಶುರುವಾಗುತ್ತದೆ. ಭಾಷೆ ಕಲಿಸುವ ವ್ಯಾಪಾರದಲ್ಲಿ ಇನ್ನೂರು ವರ್ಷಗಳಿಂದ ಒಂದೊಂದೇ ವಸ್ತು ಅಗ್ಗವಾಗುತ್ತ ಬಂದಿದೆ. ಮೊದಲು ಅಚ್ಚು, ಆಮೇಲೆ ದನಿ, ಆಮೇಲೆ ಮರೆತದ್ದನ್ನು ನೆನಪಿಸುವ ಕೆಲಸ. ಎದುರು ಕೂತು ತಪ್ಪು ತಿದ್ದುವ ಮನುಷ್ಯ ಮಾತ್ರ ಅಗ್ಗವಾಗಿಲ್ಲ. ಯಾವುದಕ್ಕೆ ದುಡ್ಡು ಬಿಚ್ಚಬೇಕು ಎಂಬುದು ಇಷ್ಟರಲ್ಲೇ ಇದೆ.

ಒಂದು ಕಾಲದಲ್ಲಿ ಆ ಮನುಷ್ಯನೇ ಇಡೀ ವ್ಯಾಪಾರ. ಅವನನ್ನು ಮುನ್ಷಿ ಎನ್ನುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಗೆ ಕಂದಾಯ ವಸೂಲಿ ಮಾಡಬೇಕಿತ್ತು, ನ್ಯಾಯ ಹೇಳಬೇಕಿತ್ತು; ರೈತ ಆಡುವ ಮಾತು ತಿಳಿಯದ ಹದಿನೆಂಟರ ಇಂಗ್ಲಿಷ್ ಹುಡುಗರಿಂದ ಅದು ಸಾಗದು. 1800ರಲ್ಲಿ ವೆಲ್ಲೆಸ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು ತೆರೆದ. 1812ರಲ್ಲಿ ಮದ್ರಾಸಿನಲ್ಲಿ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಬಂತು. ಅದರ ಹಿಂದಿದ್ದವನು ಎಫ್. ಡಬ್ಲ್ಯೂ. ಎಲ್ಲಿಸ್. ದಕ್ಷಿಣದ ಭಾಷೆಗಳು ಸಂಸ್ಕೃತದ ಮಕ್ಕಳಲ್ಲ, ತಮ್ಮದೇ ಒಂದು ಕುಟುಂಬ ಎಂದು ಮೊದಲಿಗೆ ಸಾಧಿಸಿ ತೋರಿಸಿದವನೂ ಅವನೇ. ಆ ಕಾಲೇಜಿನಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡವೂ ಇತ್ತು. ಪರೀಕ್ಷೆಯಲ್ಲಿ ಪಾಸಾದವರಿಗೆ ಸಂಬಳ ಏರುತ್ತಿತ್ತು, ಬಹುಮಾನ ಸಿಗುತ್ತಿತ್ತು. ಅಂದರೆ ಕಲಿಯುವವನು ಜೇಬಿನಿಂದ ಕಾಸು ಬಿಚ್ಚುವುದು ಹಾಗಿರಲಿ, ಕಲಿತದ್ದಕ್ಕೆ ಅವನಿಗೇ ಕಾಸು. ಇವತ್ತು ಜರ್ಮನ್ ಕಲಿಯುವ ನಮ್ಮ ಹುಡುಗಿಯರು ಈ ಮಾತು ಕೇಳಿದರೆ ನಗುತ್ತಾರೆ.

ಅಲ್ಲಿ ಕನ್ನಡ ಕಲಿಸುತ್ತಿದ್ದವರಲ್ಲಿ ಒಬ್ಬರ ಹೆಸರು ಉಳಿದಿದೆ, ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು. 1838ರಲ್ಲಿ ಅವರ 'ಹೊಸಗನ್ನಡ ನುಡಿಗನ್ನಡಿ' ಅಚ್ಚಾಯಿತು. ಹಳಗನ್ನಡದ ಸೂತ್ರಗಳನ್ನು ಬದಿಗಿಟ್ಟು ಆ ಕಾಲದ ಬಳಕೆಯ ಕನ್ನಡಕ್ಕೆ ಬರೆದ ವ್ಯಾಕರಣ ಅದು. ಕಲಿಯಲು ಬಂದವನಿಗೆ ಕವಿತೆ ಬೇಕಿಲ್ಲ, ಕಚೇರಿಯಲ್ಲಿ ನಾಳೆ ಬೆಳಿಗ್ಗೆ ಆಡಲು ಮಾತು ಬೇಕು ಎಂಬುದು ಪಾಠ ಹೇಳಿದವರಿಗಷ್ಟೇ ಹೊಳೆಯುವ ಸಂಗತಿ. ವಿಲಿಯಂ ಕೇರಿ ಎಂಬ ಪಾದ್ರಿಯ ಕನ್ನಡ ವ್ಯಾಕರಣ 1817ರಲ್ಲಿ ಸಿರಾಂಪುರದಿಂದ ಬಂದಿತ್ತು, ಮೆಕ್ಕೆರೆಲ್‌ನದು 1820ರಲ್ಲಿ ಮದ್ರಾಸಿನಿಂದ. ಬೆಂಗಳೂರಿನಲ್ಲಿದ್ದ ವೆಸ್ಲಿಯನ್ ಪಾದ್ರಿ ಹಾಡ್ಸನ್ 1859ರಲ್ಲಿ ಹೊಸಬರಿಗೆಂದೇ ಪ್ರಾಥಮಿಕ ವ್ಯಾಕರಣ ಬರೆದ. ಇವೆಲ್ಲ ಮುನ್ಷಿಯ ಜೊತೆ ಕೂತು ಓದುವ ಪುಸ್ತಕಗಳು; ಮುನ್ಷಿಯನ್ನು ಬಿಡಿಸುವ ಪುಸ್ತಕಗಳಲ್ಲ.

1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಕಿಟ್ಟೆಲ್ ಮೊದಲ ವರ್ಷಗಳನ್ನು ಕಳೆದದ್ದು ನಮ್ಮ ಧಾರವಾಡದ ಕಡೆಯೇ. ನಿಘಂಟು ಹೊರಬಂದದ್ದು 1894ರಲ್ಲಿ, ಸುಮಾರು 70,000 ಶಬ್ದ. ನಡುವೆ ನಲವತ್ತು ವರ್ಷ. ಒಬ್ಬ ಜರ್ಮನ್ ಕನ್ನಡ ಕಲಿತದ್ದಕ್ಕೆ ಬಿದ್ದ ಖರ್ಚು ಇಷ್ಟು ಎಂದು ನಾನು ಆಗಾಗ ಹುಡುಗರ ಮುಂದೆ ಹೇಳುವುದುಂಟು. ಅವರು ಅದನ್ನು ತಮಾಷೆ ಎಂದುಕೊಳ್ಳುತ್ತಾರೆ.

ಇಲ್ಲಿ ಮುನ್ಷಿ ಕೂತಿದ್ದ ಕಾಲಕ್ಕೇ ಅತ್ತ ಯುರೋಪಿನಲ್ಲಿ ದಿನ ಎಣಿಸುವ ವ್ಯಾಪಾರ ಶುರುವಾಗಿತ್ತು. ಓಲೆಂಡಾರ್ಫ್ ಎಂಬ ಜರ್ಮನ್ ಮೇಷ್ಟ್ರು 1835ರಿಂದ ಆರು ತಿಂಗಳಲ್ಲಿ ಓದು, ಬರಹ, ಮಾತು ಎಲ್ಲ ಬರುತ್ತದೆಂದು ಮುಖಪುಟದ ಮೇಲೇ ಬರೆದು ಪುಸ್ತಕ ಮಾರಿದ. ಲಂಡನ್ನಿನ ಹ್ಯೂಗೋ ಸಂಸ್ಥೆ ಅದನ್ನು ಮೂರು ತಿಂಗಳಿಗೆ ಇಳಿಸಿತು. ನಮ್ಮಲ್ಲಿಗೆ ಬರುವ ಹೊತ್ತಿಗೆ ಅದು ಮೂವತ್ತು ದಿನ. ದೆಹಲಿಯ ಪುಸ್ತಕ್ ಮಹಲ್‌ನವರ ರ್ಯಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್ ಮಾತ್ರ ಅರವತ್ತು ದಿನ ಕೇಳುತ್ತಿತ್ತು. ಹತ್ತು ಹತ್ತು ದಿನದ ಆರು ಕಂತು, ಜಾಹೀರಾತಿನಲ್ಲಿ ಕಪಿಲ್ ದೇವ್. ದಪ್ಪ ಪುಸ್ತಕ, ಕನ್ನಡದಲ್ಲೇ ವಿವರಣೆ. ಮದುವೆ ನಿಶ್ಚಯವಾದ ಹುಡುಗಿಯರು, ಇಂಟರ್‌ವ್ಯೂ ಪತ್ರ ಬಂದ ಪದವೀಧರರು, ಮಗುವನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ ತಾಯಂದಿರು ಅದನ್ನು ಕೊಂಡರು. ನಾನು ಕಂಡಂತೆ ಆ ಪುಸ್ತಕ ಅರ್ಧ ಬೆಲೆಗೆ ಮರಳಿ ಬಂದದ್ದು ಕಡಿಮೆ. ಮನೆಯಲ್ಲಿ ಒಬ್ಬರ ನಂತರ ಒಬ್ಬರು ಓದುತ್ತಿದ್ದರು.

ದಿನದ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಂತ್ರಜ್ಞರಿಗೆ ಭಾಷೆ ಕಲಿಸಲು 1947ರಿಂದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದೆ. ಇಂಗ್ಲಿಷ್ ಮಾತೃಭಾಷೆಯವರು ಕೆಲಸಕ್ಕೆ ಬರುವಷ್ಟು ಜರ್ಮನ್ ಕಲಿಯಲು ಅವರ ಪ್ರಕಾರ 36 ವಾರ, ಅಂದರೆ 800ಕ್ಕೂ ಹೆಚ್ಚು ಗಂಟೆಯ ತರಗತಿ. ಹಿಂದಿ, ತಮಿಳು, ತೆಲುಗಿಗೆ 44 ವಾರ. ಜಪಾನಿಗೆ 88 ವಾರ. ಇದೂ ಸಂಬಳ ತೆಗೆದುಕೊಳ್ಳುತ್ತ, ಸಣ್ಣ ತರಗತಿಯಲ್ಲಿ ಮೇಷ್ಟ್ರ ಎದುರು ಕೂತು ಕಲಿಯುವವರ ಲೆಕ್ಕ. ನಮ್ಮ ಮೂವತ್ತು ದಿನದ ಪುಸ್ತಕವನ್ನು ದಿನಕ್ಕೊಂದು ಗಂಟೆ ನಿಷ್ಠೆಯಿಂದ ಓದಿದರೂ ಒಟ್ಟು ಮೂವತ್ತು ಗಂಟೆ. ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಇಳಿದು ಆಟೋದವನ ಜೊತೆ ಬಾಡಿಗೆ ಕುದುರಿಸಲು ಅಷ್ಟು ಸಾಕು. ಅಷ್ಟಕ್ಕೇ ಕೊಂಡವನಿಗೆ ಆ ಪುಸ್ತಕದಿಂದ ಮೋಸವೇನೂ ಆಗಿಲ್ಲ.

ಅಚ್ಚು ಅಗ್ಗವಾದ ಮೇಲೆ ಎಲ್ಲರಿಗೂ ಕಂಡ ಕೊರತೆ ಉಚ್ಚಾರ. ಬರ್ಲಿನ್ನಿನ ಲಾಂಗೆನ್‌ಶೈಟ್ 1856ರಿಂದ ಅಂಚೆಯಲ್ಲಿ ಪಾಠಪತ್ರ ಕಳಿಸುತ್ತಿದ್ದ, ಪ್ರತಿ ಶಬ್ದದ ಕೆಳಗೆ ಉಚ್ಚಾರದ ಚಿಹ್ನೆ ಹಾಕಿ. ಬರ್ಲಿಟ್ಸ್ ಇದಕ್ಕೆ ವಿರುದ್ಧ ದಾರಿ ಹಿಡಿದ. 1878ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಅವನು ಶಾಲೆ ತೆರೆದು ಫ್ರೆಂಚ್ ಕಲಿಸಲು ಜೋಲಿ ಎಂಬವನನ್ನು ಕರೆಸಿದ. ಬಂದ ಮೇಲೆ ನೋಡಿದರೆ ಅವನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಬರ್ಲಿಟ್ಸ್ ಅಷ್ಟರಲ್ಲಿ ಕಾಯಿಲೆ ಬಿದ್ದಿದ್ದ. ವಾರಗಳ ನಂತರ ಎದ್ದು ಬಂದಾಗ ವಿದ್ಯಾರ್ಥಿಗಳು ಫ್ರೆಂಚಿನಲ್ಲೇ ಚಟಪಟ ಉತ್ತರ ಕೊಡುತ್ತಿದ್ದರಂತೆ. ಕಂಪನಿಯೇ ಹೇಳಿಕೊಂಡು ಬಂದ ಕಥೆ ಇದು, ಸ್ವಲ್ಪ ಉಪ್ಪು ಖಾರ ಬಿದ್ದಿರಬಹುದು. ಆದರೆ ನಮ್ಮ ದುರ್ಗದ ಬೈಲಿನಲ್ಲಿ ಬಟ್ಟೆ ಅಂಗಡಿ ಇಟ್ಟ ಮಾರವಾಡಿಗಳು ಕನ್ನಡ ಕಲಿತದ್ದು ಹೀಗೆಯೇ ಅಲ್ಲವೇ? ಗಿರಾಕಿಗೆ ಹಿಂದಿ ಬಾರದು, ಸೀರೆ ಮಾರಲೇಬೇಕು. ಆರು ತಿಂಗಳಲ್ಲಿ "ಬರ್ರಿ ಅಕ್ಕಾರ, ಬಣ್ಣ ಹೋಗೂದಿಲ್ರಿ" ಎನ್ನುತ್ತಿದ್ದರು. ಅವರಲ್ಲಿ ಯಾರೂ ನಮ್ಮ ಅಂಗಡಿಗೆ ಪುಸ್ತಕ ಕೇಳಿಕೊಂಡು ಬಂದವರಲ್ಲ. ಹೊಟ್ಟೆಪಾಡಿಗೆ ಕಲಿತ ಭಾಷೆಗೆ ಚಂದಾ ಇಲ್ಲ.

ದನಿಯನ್ನು ಮನುಷ್ಯನಿಂದ ಬಿಡಿಸಿ ಮಾರಿದ್ದು ಲಿಂಗ್ವಾಫೋನ್. ಲಂಡನ್ನಿನಲ್ಲಿ 1901ರಲ್ಲಿ ಜಾಕ್ ರೋಸ್ಟನ್ ಶುರುಮಾಡಿದ ಕಂಪನಿ. ಮೊದಲು ಮೇಣದ ಕೊಳವೆ, ಆಮೇಲೆ ಗ್ರಾಮಾಫೋನ್ ತಟ್ಟೆ. ದನಿ ಕೊಟ್ಟವರೂ ಸಾಮಾನ್ಯರಲ್ಲ. 1930ರ ಇಂಗ್ಲಿಷ್ ಪಾಠಗಳಲ್ಲಿ ತಂಬಾಕಿನ ಅಂಗಡಿಯ ಸಂಭಾಷಣೆ ಓದಿದವರಲ್ಲಿ ಒಬ್ಬರು ಆಕ್ಸ್‌ಫರ್ಡಿನ ಪ್ರೊಫೆಸರ್ ಟೋಲ್ಕಿನ್. ಅದಕ್ಕೂ ಮೊದಲೇ, 1927ರಲ್ಲಿ, ಬರ್ನಾರ್ಡ್ ಷಾ ಮಾತನಾಡಿದ್ದರು. ನಿಮ್ಮ ಗ್ರಾಮಾಫೋನಿನ ವೇಗದ ತಿರುಪು ಸರಿಯಿಲ್ಲದಿದ್ದರೆ ನೀವು ಕೇಳುತ್ತಿರುವುದು ನನ್ನ ದನಿಯೇ ಅಲ್ಲ ಎಂದು ಷಾ ಶುರುವಿನಲ್ಲೇ ಎಚ್ಚರಿಸಿದರು. ಮಾರಾಟಕ್ಕಿರುವ ವಸ್ತುವಿನ ಒಳಗೇ ಕೂತು ಅದರ ದೋಷ ಹೇಳಿದ ಇಂಥವರು ಈ ವ್ಯಾಪಾರದಲ್ಲಿ ಮತ್ತೆ ಸಿಕ್ಕಿಲ್ಲ. ತಟ್ಟೆ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಸಿಡಿ. ದನಿಯ ಬೆಲೆ ಇಳಿಯುತ್ತಲೇ ಹೋಯಿತು.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯದ್ದು, ಇಂದಿನ ಆ್ಯಪ್‌ಗಳೆಲ್ಲ ನಿಂತಿರುವುದು ಅದರ ಮೇಲೆಯೇ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂದು ಜರ್ಮನಿಯ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಅದರ ಮೇಲೆ ವೇಳಾಪಟ್ಟಿ ಕಟ್ಟಿದವನು ಅಮೆರಿಕದ ಪಾಲ್ ಪಿಮ್ಸ್‌ಲರ್. 1967ರಲ್ಲಿ ಬರೆದ ಲೇಖನದಲ್ಲಿ ಅವನು ಹೇಳಿದ್ದು ಇಷ್ಟು: ಹೊಸ ಶಬ್ದವನ್ನು 5 ಸೆಕೆಂಡಿಗೆ ಒಮ್ಮೆ ನೆನಪಿಸು, ಆಮೇಲೆ 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ, 1 ಗಂಟೆಗೆ, 5 ಗಂಟೆಗೆ, 1 ದಿನಕ್ಕೆ, 5 ದಿನಕ್ಕೆ, 25 ದಿನಕ್ಕೆ, 4 ತಿಂಗಳಿಗೆ, ಕೊನೆಗೆ 2 ವರ್ಷಕ್ಕೆ. ಪ್ರತಿ ಅಂತರವೂ ಹಿಂದಿನದರ ಐದು ಪಟ್ಟಿನ ಆಸುಪಾಸು. ಮರೆಯುವ ಅಂಚಿಗೆ ಬಂದಾಗ ಕೇಳಿದರೆ ಶಬ್ದ ಗಟ್ಟಿಯಾಗಿ ಕೂರುತ್ತದೆ, ಅದಕ್ಕೂ ಮೊದಲೇ ಕೇಳಿದರೆ ಹೊತ್ತು ದಂಡ. ಕ್ಯಾಸೆಟ್ಟಿನಲ್ಲಿ ಈ ವೇಳಾಪಟ್ಟಿಯ ಅರ್ಧವನ್ನಷ್ಟೇ ತುಂಬಲು ಸಾಧ್ಯ, 25ನೇ ದಿನ ನೀವು ಯಾವ ಕ್ಯಾಸೆಟ್ ಹಾಕುತ್ತೀರೋ ಅದಕ್ಕೆ ಗೊತ್ತಿಲ್ಲ. 1972ರಲ್ಲಿ ಲೈಟ್ನರ್ ಎಂಬಾತ ಖಾನೆಗಳಿರುವ ರಟ್ಟಿನ ಪೆಟ್ಟಿಗೆಯ ಉಪಾಯ ಹೇಳಿದ. ಸರಿ ಉತ್ತರದ ಚೀಟಿ ಮುಂದಿನ ಖಾನೆಗೆ, ತಪ್ಪಾದದ್ದು ಮತ್ತೆ ಮೊದಲನೆಯದಕ್ಕೆ. 1987ರಲ್ಲಿ ಪೋಲೆಂಡಿನ ವೋಜ್ನಿಯಾಕ್ ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ. 2006ರಲ್ಲಿ ಬಂದ ಆಂಕಿ ಎಂಬ ತಂತ್ರಾಂಶ ಅದೇ ಲೆಕ್ಕವನ್ನು ಎಲ್ಲರಿಗೂ ಬಿಟ್ಟಿ ಕೊಟ್ಟಿತು. ಇವತ್ತಿಗೂ ಆಂಡ್ರಾಯ್ಡ್ ಫೋನಿನಲ್ಲಿ ಅದಕ್ಕೆ ಒಂದು ಪೈಸೆ ಇಲ್ಲ. ಐಫೋನಿನವರು ಮಾತ್ರ ಒಂದು ಸಲ ದುಡ್ಡು ಕೊಡಬೇಕು. ನೋಡಲು ಚೆಂದವಿಲ್ಲ, ಅದೊಂದೇ ಅದರ ದೋಷ.

1992ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ ರೊಸೆಟ್ಟಾ ಸ್ಟೋನ್ ಹಳದಿ ಪೆಟ್ಟಿಗೆಯಲ್ಲಿ ಸಿಡಿ ತುಂಬಿ ಮಾರಿತು. ಚಿತ್ರ ನೋಡು, ದನಿ ಕೇಳು, ಅನುವಾದ ಇಲ್ಲ; ಬರ್ಲಿಟ್ಸ್‌ನ ತರಗತಿಯಿಂದ ಮೇಷ್ಟ್ರನ್ನು ತೆಗೆದರೆ ಉಳಿಯುವುದು ಅದು. ಇಡೀ ಸೆಟ್ಟಿಗೆ ನೂರಾರು ಡಾಲರ್. ಬೆಲೆ ಜಾಸ್ತಿ ಎಂಬ ಕಾರಣಕ್ಕೇ ಒಳ್ಳೆಯದಿರಬೇಕು ಎಂದು ಜನ ನಂಬಿದ ಕಾಲ. ಆ ನಂಬಿಕೆಗೆ ಪೆಟ್ಟು ಕೊಟ್ಟದ್ದು ಡ್ಯುಯೊಲಿಂಗೊ. ಗ್ವಾಟೆಮಾಲಾದಿಂದ ಬಂದ ಲೂಯಿಸ್ ಫಾನ್ ಆನ್ ಮತ್ತು ಅವರ ವಿದ್ಯಾರ್ಥಿ ಸೆವೆರಿನ್ ಹ್ಯಾಕರ್ 2011ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಕಟ್ಟಿ 2012ರಲ್ಲಿ ಎಲ್ಲರಿಗೂ ತೆರೆದರು. ಕಾಸಿಲ್ಲ. ಹಾಗಾದರೆ ಖರ್ಚು ಹುಟ್ಟುವುದೆಲ್ಲಿಂದ? ಕಲಿಯುವವರು ಅಭ್ಯಾಸಕ್ಕೆಂದು ನಿಜವಾದ ಬರಹ ಅನುವಾದಿಸುತ್ತಾರೆ, ಆ ಅನುವಾದವನ್ನು ಕಂಪನಿ ಮಾರುತ್ತದೆ. 2013ರಲ್ಲಿ ಸಿಎನ್‌ಎನ್ ಮತ್ತು ಬಝ್‌ಫೀಡ್ ಗಿರಾಕಿಗಳಾದವು. ಆ ದಾರಿ ಬಹಳ ದಿನ ನಡೆಯಲಿಲ್ಲ. ಜಾಹೀರಾತು ಬಂತು, ಜಾಹೀರಾತು ಬೇಡವೆಂದರೆ ಚಂದಾ ಬಂತು, 2021ರಲ್ಲಿ ಷೇರು ಪೇಟೆಗೂ ಹೋಯಿತು. ಬರ್ಲಿನ್ನಿನ ಬ್ಯಾಬೆಲ್ ಚಂದಾ ನಂಬಿಕೊಂಡದ್ದು. ಎರಡರ ಅಂತರ ಈಗ ಬಿಟ್ಟಿ ಯಾವುದು, ಕಾಸಿನದು ಯಾವುದು ಎಂಬಷ್ಟು ಸರಳವಾಗಿಲ್ಲ; ಎಲ್ಲದರಲ್ಲೂ ಎರಡೂ ಇದೆ.

ಇನ್ನು ನಮ್ಮ ಓಣಿಯ ಹುಡುಗಿಯ ಮಾತು. ನರ್ಸಿಂಗ್ ಮುಗಿಸಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಪಾಳಿ ಮಾಡುತ್ತಾಳೆ, ಜರ್ಮನಿಗೆ ಹೋಗುವ ಆಸೆ. ಅಲ್ಲಿ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಕೇಳುತ್ತಾರೆ. ಯುರೋಪಿನವರು 2001ರಲ್ಲಿ ಗೊತ್ತುಮಾಡಿದ ಎ1ರಿಂದ ಸಿ2ರ ವರೆಗಿನ ಆರು ಮೆಟ್ಟಿಲಲ್ಲಿ ನಾಲ್ಕನೆಯದು ಅದು. ಅವಳ ಆ್ಯಪ್‌ನಲ್ಲಿ ಸತತ ದಿನಗಳ ಲೆಕ್ಕ ನೂರು ದಾಟಿತ್ತು. ಫೋನ್ ಹಿಡಿದುಕೊಂಡೇ ಬಂದಳು.

"ಕಾಕಾ, ವರ್ಷದ್ದು ಒಮ್ಮೆಲೇ ಕಟ್ಟಿದ್ರ ಅರ್ಧಾ ರೇಟಿಗೆ ಬರ್ತೈತಂತ್ರಿ. ಇವತ್ತ ಕಡೀ ದಿನ ಅಂತ ತೋರಿಸಾಕತ್ತೈತಿ. ಕಟ್ಲೇನ್ರಿ?"

"ಪರೀಕ್ಷಾ ಯಾವಾಗ ಐತಿ ತಂಗಿ?"

"ಅದನ್ನ ಇನ್ನೂ ನೋಡಿಲ್ರಿ."

"ಪೇಷಂಟ್ ಬಂದ್ರ ಎಲ್ಲಿ ನೋವೈತಿ ಅಂತ ಜರ್ಮನ್ದಾಗ ಕೇಳು ನೋಡೂಣು."

ಬರಲಿಲ್ಲ. ಬೆಕ್ಕು ಹಾಲು ಕುಡಿಯುತ್ತದೆ, ಅಣ್ಣನಿಗೆ ಬ್ರೆಡ್ ಇಷ್ಟ ಎಂಬುದು ಬಂತು. ಇದರಲ್ಲಿ ಅವಳ ತಪ್ಪೂ ಇಲ್ಲ, ಆ್ಯಪ್‌ನದೂ ಇಲ್ಲ. ದಿನಕ್ಕೆ ಹದಿನೈದು ನಿಮಿಷದಂತೆ ವರ್ಷಕ್ಕೆ ಸಿಗುವುದು 91 ಗಂಟೆ. ಪೂನಾದಲ್ಲೂ ಬೆಂಗಳೂರಿನಲ್ಲೂ ಮ್ಯಾಕ್ಸ್ ಮುಲ್ಲರ್ ಭವನ ಎಂಬ ಹೆಸರಿನಲ್ಲಿ ನಡೆಯುವ ಗಯಟೆ ಇನ್‌ಸ್ಟಿಟ್ಯೂಟ್ ಬಿ2ಕ್ಕೆ 45 ನಿಮಿಷದ 600ರಿಂದ 800 ಪಾಠ ಬೇಕೆನ್ನುತ್ತದೆ. ಕಡಿಮೆಯೆಂದರೂ 450 ಗಂಟೆ. ಆ್ಯಪ್ ಒಂದನ್ನೇ ನೆಚ್ಚಿದರೆ ಸುಮಾರು ಐದು ವರ್ಷ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ತೋರಿಸಿದೆ.

ಇನ್ನೊಂದು ವಿಚಾರ ಅವಳಿಗೆ ಹೊಸದಾಗಿತ್ತು. ಹೆಚ್ಚಿನ ಆ್ಯಪ್‌ಗಳು ಜರ್ಮನ್ ಕಲಿಸುವುದು ಇಂಗ್ಲಿಷಿನ ಮೂಲಕ. ಇಂಗ್ಲಿಷಿನವನಿಗೆ ಜರ್ಮನ್ನಿನ ವಿಭಕ್ತಿ ದೊಡ್ಡ ಗುಡ್ಡ. ಅವನಿಗೆ ವಿಭಕ್ತಿಯ ಪರಿಚಯವೇ ಇಲ್ಲ. ನಮಗೆ? ಮರವನ್ನು, ಮರಕ್ಕೆ, ಮರದ ಎಂದು ಪ್ರಾಥಮಿಕ ಶಾಲೆಯಲ್ಲೇ ಬಾಯಿಪಾಠ. ಜರ್ಮನ್ ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆಂದು ಇಂಗ್ಲಿಷಿನವರು ತಲೆ ಚಚ್ಚಿಕೊಳ್ಳುತ್ತಾರೆ. ಕನ್ನಡದಲ್ಲಿ ಅದು ಕೊನೆಗೆ ಬಿಟ್ಟು ಇನ್ನೆಲ್ಲಿರುತ್ತದೆ? ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳಿಗೆ ಇಂಗ್ಲಿಷ್ ಮೂಲಕ ಜರ್ಮನ್ ಹೇಳಿಕೊಡುವುದೆಂದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಗದಗಿನ ಮೇಲೆ ಕರೆದೊಯ್ದಂತೆ. ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಒಬ್ಬ ಟೀಚರ್ ಸಿಕ್ಕರೆ ಇದೊಂದರಲ್ಲೇ ತಿಂಗಳುಗಟ್ಟಲೆ ಉಳಿತಾಯ. ಹಳೆ ಮೂವತ್ತು ದಿನದ ಪುಸ್ತಕಗಳಲ್ಲಿ ಕೆಲವಾದರೂ ಕನ್ನಡದ ಮೂಲಕ ಕಲಿಸುತ್ತಿದ್ದವು, ಆ ಲಾಭ ಈಗಿನ ಪರದೆಯಲ್ಲಿ ಕಳೆದುಹೋಗಿದೆ.

ಹೀಗೆ ಅವಳ ದುಡ್ಡು ಹಂಚಿದೆವು. ಶಬ್ದ ನೆನಪಿಟ್ಟುಕೊಳ್ಳಲು ಬಿಟ್ಟಿ ಆ್ಯಪ್ ಇರಲಿ, ಬಸ್ಸಿನಲ್ಲಿ ಹೋಗುವಾಗ ಬರುವಾಗ. ಪಾಠಕ್ಕೆ ಡಾಯ್ಚೆ ವೆಲ್ಲೆ ಎಂಬ ಜರ್ಮನ್ ಪ್ರಸಾರ ಸಂಸ್ಥೆಯ 'ನೀಕೋಸ್ ವೇಗ್', ಎ1ರಿಂದ ಬಿ1ರ ತನಕ ಪೂರಾ ಉಚಿತ. ಮಾದರಿ ಪ್ರಶ್ನೆಪತ್ರಿಕೆಗಳು ಗಯಟೆಯವರ ಜಾಲತಾಣದಲ್ಲೇ ಇವೆ. ವರ್ಷದ ಚಂದಾಕ್ಕೆಂದು ಎತ್ತಿಟ್ಟ ಹಣಕ್ಕೆ ಇನ್ನಷ್ಟು ಸೇರಿಸಿ ವಾರಕ್ಕೆ ಎರಡು ಸಂಜೆ ವಿಡಿಯೋ ಕರೆಯಲ್ಲಿ ಒಬ್ಬ ಟೀಚರ್. ಬಿ2 ಪರೀಕ್ಷೆಯಲ್ಲಿ ಓದು, ಕೇಳುವಿಕೆ, ಬರಹ, ಮಾತು ಎಂದು ನಾಲ್ಕು ಭಾಗ, ಪ್ರತಿಯೊಂದಕ್ಕೂ 100ಕ್ಕೆ 60 ಬೇಕು. ಮಾತಿನ ಭಾಗದಲ್ಲಿ ಒಂದು ವಿಷಯದ ಮೇಲೆ ತಾನು ಮಾತಾಡಿ, ಆಮೇಲೆ ಜೊತೆಯ ಅಭ್ಯರ್ಥಿಯ ಎದುರು ವಾದ ಮಾಡಬೇಕು. 2023ರಿಂದ ಕೃತಕ ಬುದ್ಧಿಮತ್ತೆಯ ಜೊತೆ ಹರಟುವ ಸೌಲಭ್ಯವನ್ನು ಡ್ಯುಯೊಲಿಂಗೊ ತನ್ನ ದುಬಾರಿ ಚಂದಾದಲ್ಲಿ ಕೊಡುತ್ತಿದೆ; ಬೇರೆಯವೂ ಹಿಂದೆ ಬಿದ್ದಿಲ್ಲ. ನಾಚಿಕೆ ಸ್ವಭಾವದವರಿಗೆ ಅದರಿಂದ ಬಾಯಿ ಬಿಡುವ ಅಭ್ಯಾಸವಾಗುತ್ತದೆ, ಅಷ್ಟಕ್ಕೆ ಒಳ್ಳೆಯದೇ. ಆದರೆ ಯಂತ್ರ ನಿಮ್ಮ ಮಾತು ಮುಗಿಯುವ ತನಕ ಕಾಯುತ್ತದೆ, ಪಕ್ಕದ ಅಭ್ಯರ್ಥಿ ಕಾಯುವುದಿಲ್ಲ.

ಎಲ್ಲರಿಗೂ ಇದೇ ಲೆಕ್ಕ ಒಗ್ಗದು. ಗಂಡನಿರುವ ಜರ್ಮನಿಗೆ ಹೊರಟವಳಿಗೆ ಸಾಮಾನ್ಯವಾಗಿ ಎ1 ಸಾಕು. ಮೂರು ತಿಂಗಳ ಚಂದಾ, ಒಂದಷ್ಟು ಮಾತಿನ ಅಭ್ಯಾಸ ಇಷ್ಟರಲ್ಲಿ ಮುಗಿಯುತ್ತದೆ. ಹತ್ತು ದಿನ ಜಪಾನ್ ಸುತ್ತುವವರು ಏನನ್ನೂ ಕೊಳ್ಳಬೇಡಿ. ಮಕ್ಕಳಿಗೆ ಹಿಂದಿ ಬೇಕೆನ್ನುವವರಿಗೆ 1918ರಲ್ಲಿ ಗಾಂಧೀಜಿ ಶುರುಮಾಡಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳು ಈಗಲೂ ವರ್ಷಕ್ಕೆರಡು ಸಲ ನಡೆಯುತ್ತವೆ, ಧಾರವಾಡದಲ್ಲಿ ಅದರ ಶಾಖೆಯಿದೆ. ಯಾವ ಆ್ಯಪ್‌ಗಿಂತಲೂ ಅಗ್ಗ. ಬೆಂಗಳೂರಿಗೆ ಬಂದು ಕನ್ನಡ ಕಲಿಯಬೇಕೆನ್ನುವವರಿಗೆ 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಪುಸ್ತಕಗಳಿವೆ. ಹೊರರಾಜ್ಯದ ಶಿಕ್ಷಕರಿಗೆ ಹತ್ತು ತಿಂಗಳು ಕೂರಿಸಿ ಕನ್ನಡ ಕಲಿಸಿದ ಅನುಭವದ ಪುಸ್ತಕಗಳವು, ಹೊಳಪು ಇಲ್ಲದಿದ್ದರೂ ಸತ್ವ ಇದೆ.

ಚಂದಾ ಕಟ್ಟಿಯೇ ಸಿದ್ಧ ಎನ್ನುವವರಿಗೆ ವ್ಯಾಪಾರಿಯಾಗಿ ಒಂದು ಮಾತು. 'ಇವತ್ತೇ ಕಡೆಯ ದಿನ' ಎಂಬ ರಿಯಾಯಿತಿ ಮುಂದಿನ ಹಬ್ಬಕ್ಕೆ ಮತ್ತೆ ಬರುತ್ತದೆ, ಅವಸರ ಬೇಡ. ಒಂದು ತಿಂಗಳದ್ದು ಕಟ್ಟಿ, ಆ ತಿಂಗಳು ನಿಜಕ್ಕೂ ಕೂತು ಓದಿದಿರೋ ನೋಡಿಕೊಂಡು, ಪರೀಕ್ಷೆಗೆ ಹೆಸರು ಹಚ್ಚಿದ ಮೇಲಷ್ಟೇ ವರ್ಷದ್ದಕ್ಕೆ ಕೈ ಹಾಕಿ. ಖಾತೆಯಿಂದ ತಾನಾಗಿ ಹಣ ಕಡಿತವಾಗುವ 24 ಗಂಟೆ ಮೊದಲು ಗ್ರಾಹಕರಿಗೆ ಸಂದೇಶ ಕಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಇದೆ, ಆ ಸಂದೇಶ ಓದದೆ ಅಳಿಸಬೇಡಿ. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಕಟ್ಟಿದ ದಿನವೇ ಪ್ಲೇ ಸ್ಟೋರಿನ ಸಬ್‌ಸ್ಕ್ರಿಪ್ಷನ್ ಪುಟಕ್ಕೆ ಹೋಗಿ ನವೀಕರಣ ರದ್ದು ಮಾಡಿಬಿಡಿ. ರದ್ದು ಮಾಡಿದರೂ ಕಟ್ಟಿದ ಅವಧಿ ಮುಗಿಯುವ ತನಕ ಆ್ಯಪ್ ನಡೆಯುತ್ತದೆ.